ದೇವರ ಕೋಣೆಯಲ್ಲಿ ಹತ್ತನೇ ಫೋಟೋ

ನಾನು ಹೇಳಿದ ದೊಡ್ಡ ಸುಳ್ಳು ಒಂದೇ. ಅದೂ ಬಾಯಲ್ಲಿ ಅಲ್ಲ, ಕೈಯಲ್ಲಿ.

ಪ್ರೇಮಾ ಮೇಡಂ ಕ್ಲಾಸಲ್ಲಿ ಕೇಳಿದ್ರು, "ಎಕ್ಸಿಬಿಷನ್ನಲ್ಲಿ ಒಂದು ಗೋಡೆ ಖಾಲಿ ಉಂಟು. ಹತ್ತು ಪ್ರಿಂಟ್ ಬೇಕು. ಫಿಲ್ಮಿನಿಂದ, ಕೈಯಾರೆ ಮಾಡಿದ್ದು. ಆದ್ರೆ ಕಾಲೇಜಿನ ಡಾರ್ಕ್‌ರೂಮಲ್ಲಿ ಈಗ ತ್ರೀಡಿ ಪ್ರಿಂಟರ್ ಬಂದು ಕೂತಿದೆ. ಯಾರ ಮನೆಯಲ್ಲಾದ್ರೂ ಡಾರ್ಕ್‌ರೂಮ್ ಉಂಟಾ?"

ಮಂಥನ್‌ನ ಕೈ ಮೇಲೆ ಹೋಗ್ಲಿಕ್ಕೆ ಶುರುವಾಯ್ತು. ಮಂಥನ್ ಅಂದ್ರೆ ನಮ್ಮ ಕ್ಲಾಸಿನ ಸೂರ್ಯಾಸ್ತ. ಮೂರು ವರ್ಷದಿಂದ ಅವನು ಸೂರ್ಯಾಸ್ತ ಬಿಟ್ಟು ಬೇರೆ ಎಂತದೂ ತೆಗೆದದ್ದು ನಾನು ನೋಡ್ಲಿಲ್ಲ. ಅದೂ ಬ್ಲಾಕ್ ಎಂಡ್ ವೈಟಲ್ಲಿ! ಆ ಕೈ ಪೂರ್ತಿ ಏಳುವ ಮೊದಲೇ ನನ್ನ ಕೈ ಮೇಲಿತ್ತು. ಅವನು ಎತ್ತಿದ್ದು ತಲೆ ಕೆರೀಲಿಕ್ಕೆ ಅಂತ ಆಮೇಲೆ ಗೊತ್ತಾದದ್ದು.

"ವೆರಿ ಗುಡ್, ಮಹಿಮಾ. ಬರುವ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ಬೆಳಿಗ್ಗೆ ಹತ್ತು ಪ್ರಿಂಟ್ ನನ್ನ ಟೇಬಲ್ ಮೇಲೆ. ಒಂಬತ್ತು ತಂದ್ರೆ ಗೋಡೆ ಮಂಥನ್‌ಗೆ."

ಮಂಥನ್ ನನ್ನನ್ನು ನೋಡಿ ನಗಾಡಿದ. ಆ ನಗೆ ನೋಡಿದ ಮೇಲೆ ಆ ಗೋಡೆ ನನಗೆ ಗ್ಯಾಸ್ ಸಿಲಿಂಡರಿಗಿಂತ ಜರೂರು ಆಯ್ತು.

ಈಗ ನಮ್ಮ ಮನೆ ಹೇಗುಂಟು ಅಂತ ಹೇಳ್ತೇನೆ. ವಡೋದರಾದ ಒಂದು ಹೌಸಿಂಗ್ ಸೊಸೈಟಿ, ಮೂರನೇ ಮಾಳಿಗೆ. ನಾನು, ಮತ್ತೆ ಹುಬ್ಬಳ್ಳಿಯ ಸೌಮ್ಯಾ. ನಾನು ಬ್ರಹ್ಮಾವರದವಳು, ಅವಳು ಬಣ್ಣದ ಕಂಪನಿಯ ಲ್ಯಾಬಲ್ಲಿ ಕೆಲಸಕ್ಕೆ ಇರುವವಳು. ಓನರ್ ಕೆಳಗಿನ ಮಾಳಿಗೆಯಲ್ಲೇ. ಹಸ್ಮುಖ್‌ಕಾಕಾ, ಶಾರದಾಕಾಕಿ. ಕಾಕಾ ರಿಟೈರ್ಡ್. ತಲೆ ಪೂರ್ತಿ ಬಿಳಿ, ಮೀಸೆ ಮಾತ್ರ ಇದ್ದಿಲಿನ ಹಾಗೆ ಕಪ್ಪು, ಯಾಕೆಂದ್ರೆ ಡೈ ಮೀಸೆಗೆ ಮಾತ್ರ. ತಲೆಗೆ ಯಾಕಿಲ್ಲ ಅಂತ ನಾನು ಒಮ್ಮೆ ಕೇಳಿದ್ದೆ. "ತಲೆ ಟೋಪಿಯಲ್ಲಿ ಮುಚ್ಚುತ್ತೆ ಬೇಟಾ" ಅಂದ್ರು. ಅವರು ಟೋಪಿ ಹಾಕಿದ್ದು ನಾನು ಇವತ್ತಿನವರೆಗೆ ನೋಡ್ಲಿಲ್ಲ.

ಮನೆ ಕೊಡುವಾಗ ಕಾಕಿ ಎರಡೇ ಕಂಡೀಷನ್ ಹಾಕಿದ್ದು. ಒಂದು, ಮೊಟ್ಟೆ-ಮೀನು ಒಳಗೆ ಬರ್ಬಾರ್ದು. ಎರಡು, ದೇವರ ಕೋಣೆಯ ಕೆಂಪು ಬಲ್ಬು ಆರ್ಬಾರ್ದು. ಮೊದಲು ಈ ಮನೆಯಲ್ಲಿ ಕಾಕಾನ ಅಮ್ಮ ಇದ್ದದ್ದು. ಅವರು ಕೂರಿಸಿದ ದೇವಿ ಮಾತಾಜಿಯನ್ನು ಅಲ್ಲಾಡಿಸ್ಲಿಕ್ಕಿಲ್ಲ. ಹಾಗಾಗಿ ನಾವಿಬ್ಬರು ಮತ್ತೆ ಮಾತಾಜಿ, ಒಟ್ಟು ಮೂರು ಜನ ಹೆಂಗಸರು ಆ ಮನೆಯಲ್ಲಿ. ದೇವರ ಕೋಣೆಗೆ ಮೆಟ್ಟಿಲ ಕಡೆಗೆ ಒಂದು ಸಣ್ಣ ಜಾಲಿ ಉಂಟು, ಗಾಳಿಯಾಡುವ ತೂತುಗಳದ್ದು. ಕಾಕಿ ಟೆರೇಸಿಗೆ ಹೋಗುವಾಗ ಬರುವಾಗ ಆ ಜಾಲಿಯಲ್ಲಿ ಕೆಂಪು ಬೆಳಕು ಕಾಣ್ತದಾ ಅಂತ ಒಮ್ಮೆ ಕಣ್ಣು ಹಾಕಿಯೇ ಹೋಗುದು. ಆ ಇಡೀ ಮನೆಯಲ್ಲಿ ಕಿಟಕಿ ಇಲ್ಲದ ಕೋಣೆ ಅದೊಂದೇ.

"ಬ್ಯಾಡ" ಅಂದಳು ಸೌಮ್ಯಾ.

"ನಾನು ಎಂತದೂ ಹೇಳ್ಲೇ ಇಲ್ಲ ಮಾರಾಯ್ತಿ."

"ನೀ ಹೇಳೂದು ಬ್ಯಾಡ. ನೀ ದೇವರ ಕೋಣಿ ಕಡೆ ನೋಡೂದು ನೋಡಿದ್ರ ಗೊತ್ತಾಗ್ತೈತಿ. ನಮ್ಮಿಬ್ಬರನ್ನೂ ಮನೀ ಬಿಡಸ್ತಾರ, ನೋಡ."

"ಸೌಮ್ಯಾ, ಡಾರ್ಕ್‌ರೂಮಿಗೆ ಎಂತ ಬೇಕು? ಕತ್ತಲೆ, ಮತ್ತೆ ಒಂದು ಕೆಂಪು ಲೈಟು. ಲೈಟು ಆಗ್ಲೇ ಹಾಕಿಟ್ಟಿದ್ದಾರೆ! ಮಾತಾಜಿಯೇ ನಮಗೆ ಅಂತ—"

"ಮಾತಾಜೀನ ನಡುವ ತರಬ್ಯಾಡ."

ಆದ್ರೆ ಅವಳು ಕೆಮಿಸ್ಟ್. ಬಾಟಲಿ, ಅಳತೆ, ಥರ್ಮಾಮೀಟರ್ ಅಂದ್ರೆ ಅವಳಿಗೆ ಬಾಯಲ್ಲಿ ನೀರು. ಅರ್ಧ ಗಂಟೆಯಲ್ಲಿ ನನಗಿಂತ ಉದ್ದದ ಲಿಸ್ಟ್ ಅವಳೇ ಮಾಡಿದಳು.

ನೆಗೆಟಿವ್ ದೊಡ್ಡದು ಮಾಡಿ ಪೇಪರಿನ ಮೇಲೆ ಬೀಳಿಸುವ ಎನ್ಲಾರ್ಜರ್ ಮಿಷನ್ ಸಿಕ್ಕಿದ್ದು ಅಹಮದಾಬಾದಿನ ಮಣಿನಗರದ ಒಂದು ಮುದಿ ಸ್ಟುಡಿಯೋದಲ್ಲಿ. ಸ್ಟುಡಿಯೋದ ಅಜ್ಜ "ತಗೊಂಡು ಹೋಗಮ್ಮ, ನನ್ನ ಸೊಸೆ ಇದ್ರ ಮೇಲೆ ಬಟ್ಟೆ ಒಣಗಿಸ್ತಿದ್ದಾಳೆ" ಅಂತ ಸುಮ್ನೇ ಕೊಟ್ಟ. ಲೋಕಲ್ ಟ್ರೈನಲ್ಲಿ ಅದನ್ನು ಬೆಡ್‌ಶೀಟಲ್ಲಿ ಸುತ್ತಿ ಮಗುವಿನ ಹಾಗೆ ಮಡಿಲಲ್ಲಿ ಇಟ್ಟು ತಂದೆ. ಎದುರಿನ ಇಬ್ಬರು ಆಣಂದ್ ಸ್ಟೇಷನ್ ಬರುವವರೆಗೆ ಜಗಳ ಮಾಡಿದ್ರು. ಒಬ್ಬ ಕಬ್ಬಿನ ಹಾಲಿನ ಮಿಷನ್ ಅಂತ, ಇನ್ನೊಬ್ಬ ಕಣ್ಣು ಪರೀಕ್ಷೆ ಮಾಡುದು ಅಂತ. "ಫೋಟೋದ್ದು" ಅಂದೆ. "ಹಾಗಾದ್ರೆ ನಮ್ಮದೊಂದು ತೆಗಿ" ಅಂದ್ರು ಇಬ್ಬರೂ ಕೂದಲು ಸರಿ ಮಾಡ್ಕೊಂಡು.

ಟ್ರೇ ಕೊಟ್ಟದ್ದು ನಾರಾಯಣ ಮಾವ. ಅವರದ್ದು ಸ್ಟೇಷನ್ ಹತ್ರ ಉಡುಪಿ ಹೋಟೆಲು. ಇಲ್ಲಿಯವರಿಗೆ ಸಾಂಬಾರಿಗೆ ಸಕ್ಕರೆ ಹಾಕಿ ಹಾಕಿ ಅವರ ಮಾತೂ ಸಿಹಿ ಆಗಿದೆ.

"ಟ್ರೇಯಲ್ಲಿ ಎಂತ ಬೇಯಿಸ್ತಿ ಮಗಾ?"

"ಫೋಟೋ, ಮಾವ."

"ಆಯ್ತು. ಉಪ್ಪು ನೋಡಿ ಹಾಕು."

ಹಾಳೆಯಲ್ಲಿ ಚಿತ್ರ ಮೂಡಿಸುವ ಡೆವಲಪರ್ ಪುಡಿ, ಪೇಪರು ಕೊರಿಯರಲ್ಲಿ ಬಂತು. ಪೇಪರು ಒಂದೇ ಬಾಕ್ಸ್, ಇಪ್ಪತ್ತೈದು ಹಾಳೆ. ಅವರ ಸ್ಟಾಕಲ್ಲಿ ಇದ್ದದ್ದೇ ಅದೊಂದು, ಇನ್ನೊಂದು ತರಿಸಿದ್ರೆ ಎರಡು ವಾರ, ಆಗ ಗೋಡೆಯ ಮೇಲೆ ಮಂಥನ್‌ನ ಸೂರ್ಯ ಮುಳುಗಿ ಆಗಿರ್ತದೆ. ಡೆವಲಪರನ್ನು ನಿಲ್ಲಿಸ್ಲಿಕ್ಕೆ ಚೈನೀಸ್ ಗಾಡಿಯವನ ವಿನೆಗರ್. ಫೋಟೋ ಬೆಳಕಿಗೆ ಹಾಳಾಗದ ಹಾಗೆ ಗಟ್ಟಿ ಮಾಡುವ ಹೈಪೋ ಸಿಕ್ಕಿದ್ದು ಅಕ್ವೇರಿಯಮ್ ಅಂಗಡಿಯಲ್ಲಿ. ಅಲ್ಲಿ ಅದನ್ನು ಮೀನಿನ ನೀರಿನ ಕ್ಲೋರಿನ್ ತೆಗೀಲಿಕ್ಕೆ ಮಾರುದು. "ಎಷ್ಟು ಮೀನು ಉಂಟು?" ಅಂತ ಅಂಗಡಿಯವ ಕೇಳಿದ. "ಹತ್ತು" ಅಂದೆ. "ಹತ್ತು ಮೀನಿಗೆ ಎರಡು ಕಿಲೋನಾ?" ಅಂತ ಅವ ನನ್ನನ್ನೇ ನೋಡಿದ. ಪಾಪ, ಆ ಮೀನುಗಳ ಬಗ್ಗೆ ಅವನಿಗೆ ಭಾರೀ ಬೇಜಾರಾಗಿರ್ಬೇಕು.

ಹೀಗೆ ಮಾತಾಜಿಯ ಎದುರು ಎನ್ಲಾರ್ಜರ್ ಒಂದು ಸ್ಟೂಲಿನ ಮೇಲೆ, ಟ್ರೇ ಮೂರು ನೆಲದ ಮೇಲೆ. ಜಾಲಿಗೆ ಕಪ್ಪು ಬಟ್ಟೆ, ಕ್ಲಿಪ್ಪಿಗೆ ಸಿಕ್ಕಿಸಿದ್ದು. ಮಧ್ಯಾಹ್ನ ಎರಡರಿಂದ ನಾಲ್ಕು ಕಾಕಿ ಮಲಗ್ತಾರೆ, ಅಷ್ಟು ಹೊತ್ತಿಗೆ ಮಾತ್ರ ಬಟ್ಟೆ ಹಾಕುದು, ನಾಲ್ಕಕ್ಕೆ ತೆಗೆಯುದು. ಪ್ಲಾನ್ ಪರ್ಫೆಕ್ಟ್ ಇತ್ತು.

ಮೊದಲ ದಿನ ಹನ್ನೊಂದು ಹಾಳೆ ಹಾಳು ಮಾಡಿದೆ.

ಎಲ್ಲವೂ ಬೂದಿ ಬಣ್ಣ. ಬಿಳಿ ಅಂತ ಎಲ್ಲಿಯೂ ಇಲ್ಲ, ಮಂಜಿನಲ್ಲಿ ತೆಗೆದ ಹಾಗೆ. ನಾನು ಡೆವಲಪರಿಗೆ ಬೈದೆ, ಪೇಪರಿನವನಿಗೆ ಬೈದೆ, ಮಣಿನಗರದ ಅಜ್ಜನ ಸೊಸೆಗೂ ಬೈದೆ. ಸಂಜೆ ಸೌಮ್ಯಾ ಬಂದು, ಹಾಳೆಯ ಒಂದು ತುಂಡು ಕತ್ತರಿಸಿ ಅದರ ಮೇಲೆ ಒಂದು ನಾಣ್ಯ ಇಟ್ಟಳು. ಎನ್ಲಾರ್ಜರ್ ಬಂದ್. ಬರೇ ಮಾತಾಜಿಯ ಬಲ್ಬಿನ ಅಡಿಯಲ್ಲಿ ಐದು ನಿಮಿಷ. ಆಮೇಲೆ ಡೆವಲಪರಿಗೆ ಹಾಕಿದಳು. ಸುತ್ತ ಎಲ್ಲ ಬೂದಿ, ನಡುವೆ ನಾಣ್ಯದ ಗುಂಡು ಬಿಳಿ.

"ಅಂದ್ರೆ?"

"ಅಂದ್ರ ನಿನ್ನ ಬಲ್ಬ್ ಕೆಂಪ ಅಲ್ಲ. ಗಾಜಿಗೆ ಕೆಂಪ ಬಣ್ಣಾ ಬಳದಾರ ಅಷ್ಟ. ಒಳಗಿಂದ ಬಿಳಿ ಬೆಳಕ ಸೋರ್ತೈತಿ. ಪೇಪರಿಗೆ ಭಕ್ತಿ ಇರಂಗಿಲ್ಲ, ಅದಕ್ಕ ಗೊತ್ತಾತು."

ನಾನು ಎಂಟು ತಿಂಗಳಿಂದ ದಿನಾ ನೋಡಿದ ಬಲ್ಬು ಅದು! ದೇವರ ಎದುರಿನದ್ದು ಅಂತ ಒಮ್ಮೆಯೂ ಟೆಸ್ಟ್ ಮಾಡ್ಲೇ ಇಲ್ಲ. ಮರುದಿನ ಸ್ಕೂಟರ್ ರಿಪೇರಿ ಅಂಗಡಿಯಿಂದ ಹಿಂದಿನ ಲೈಟಿನ ಕೆಂಪು ಎಲ್‌ಇಡಿ ತಂದು, ಸೌಮ್ಯಾ ಅದಕ್ಕೊಂದು ಅಡಾಪ್ಟರ್ ಕಟ್ಟಿ ಹಳೇ ಹೋಲ್ಡರಿಗೆ ಕೂರಿಸಿದಳು. ನಾಣ್ಯದ ಪರೀಕ್ಷೆ ಪಾಸ್. ಜಾಲಿಯಲ್ಲಿ ಕೆಂಪು ಬೆಳಕು ಮೊದಲಿಗಿಂತ ಚಂದ. ಕಾಕಿ ಮೆಟ್ಟಿಲಲ್ಲಿ ನಿಂತು "ಮಾತಾಜಿ ಇವತ್ತು ಖುಷಿಯಲ್ಲಿದ್ದಾಳೆ" ಅಂತ ಕೈ ಮುಗಿದು ಹೋದ್ರು.

ನಾಣ್ಯದ ಪರೀಕ್ಷೆಗೆ ಒಂದು ಹಾಳೆ ಹೋಗಿ ಉಳಿದದ್ದು ಹದಿಮೂರು. ಪ್ರಿಂಟ್ ಬೇಕಾದದ್ದು ಹತ್ತು. ಶನಿವಾರದವರೆಗೆ ಒಂಬತ್ತು ಪ್ರಿಂಟ್ ಆಯ್ತು. ಅದಲ್ಲದೆ ಮೂರು ಹಾಳೆ ಹಾಳು. ಲೆಕ್ಕ ಹಾಕಿ: ಉಳಿದದ್ದು ಒಂದು.

ಆ ಒಂದು ಹಾಳೆಯನ್ನು ಸೂರತ್ತಿನ ಫೋಟೋಕ್ಕೆ ಅಂತಲೇ ಇಟ್ಟದ್ದು. ಹೋದ ತಿಂಗಳು ಒಂದು ಶನಿವಾರ ಸಂಜೆ ಸೂರತ್ತಿಗೆ ಹೋಗಿ ಒಂದು ಮೊಟ್ಟೆ ಗಾಡಿಯ ಎದುರು ತೆಗೆದದ್ದು. ನಾನು ಅಲ್ಲಿ ಹೋದದ್ದು ಫೋಟೋಕ್ಕಾ ಮೊಟ್ಟೆಗಾ ಅಂತ ದಯಮಾಡಿ ಯಾರೂ ಕೇಳ್ಬಾರ್ದು. ದೊಡ್ಡ ತವಾದಲ್ಲಿ ಬೇಯಿಸಿದ ಮೊಟ್ಟೆ ತುರಿದು, ಬೆಣ್ಣೆ, ಮೆಣಸು ಎಲ್ಲ ಸೇರಿಸಿ ಕುಟ್ಟಿ ಕುಟ್ಟಿ ಮಾಡುದು. ಅದಕ್ಕೆ ಅಲ್ಲಿ ಘೋಟಾಲಾ ಅಂತ ಹೆಸರು. ಹೊಗೆ, ತವಾ, ಅವನ ಸಟ್ಟುಗ ಗಾಳಿಯಲ್ಲಿ, ಹಿಂದೆ ತಿನ್ನುವವರ ಸಾಲು. ನನ್ನ ಇಡೀ ಜೀವನದ ಬೆಸ್ಟ್ ಫೋಟೋ. ತೆಗೆಯುವಾಗ ನಾನು ನೋಡಿದ್ದು ತವಾ ಮಾತ್ರ. ನೆಗೆಟಿವಲ್ಲಿ ತಿನ್ನುವವರ ಸಾಲಲ್ಲಿ ಒಬ್ಬ ಬಾಯಿ ಇಷ್ಟು ಅಗಲ ತೆರೆದು ನಿಂತಿದ್ದ. ಕಪ್ಪು ತಲೆ, ಬಿಳಿ ಮೀಸೆ. ಯಾರೋ ವಿಚಿತ್ರ ಮನುಷ್ಯ ಅಂತ ನಗಾಡಿ ಬಿಟ್ಟಿದ್ದೆ. ನೆಗೆಟಿವಲ್ಲಿ ಎಲ್ಲ ಉಲ್ಟಾ ಇರ್ತದೆ ಅಂತ ಮೂರು ವರ್ಷ ಕಲಿತು ಪ್ರಯೋಜನ ಎಂತ, ಹೇಳಿ.

ಭಾನುವಾರ. ಎರಡು ಗಂಟೆಗೆ ಕೂತದ್ದು. ಒಂದೇ ಹಾಳೆ ಅಂತ ಫೋಕಸ್ ಮಾಡುದು, ಕೆಡಿಸುದು, ಮತ್ತೆ ಮಾಡುದು. ಹೊತ್ತು ಹೋದದ್ದೇ ಗೊತ್ತಾಗ್ಲಿಲ್ಲ. ಕಡೆಗೆ ಉಸಿರು ಕಟ್ಟಿ ಹಾಳೆಯ ಮೇಲೆ ಬೆಳಕು ಬಿಟ್ಟೆ, ಹನ್ನೆರಡು ಸೆಕೆಂಡ್. ಹಾಳೆ ಕೈಯಲ್ಲಿ ತಗೊಂಡೆ. ಆಗ ಬೆಲ್ಲು.

ಗಂಟೆ ಐದಾಗಿತ್ತು. ಹಪ್ಪಳ ತೆಗೀಲಿಕ್ಕೆ ಟೆರೇಸಿಗೆ ಹೊರಟ ಕಾಕಿಗೆ ಜಾಲಿ ಪೂರ್ತಿ ಕಪ್ಪು ಕಂಡಿದೆ. ಬಟ್ಟೆ ತೆಗೀಲಿಕ್ಕೆ ಮರೆತಿದ್ದೆ.

"ಮಹಿಮಾ! ಬಂದ್ರಲೇ! ಇಬ್ಬರೂ ಬಂದ್ರು!" ಹೊರಗೆ ಸೌಮ್ಯಾ.

ಅವರು ಮಾತಾಡುದು ಗುಜರಾತಿ ಅರ್ಧ, ಹಿಂದಿ ಅರ್ಧ. ನಾನು ಇಲ್ಲಿ ಕನ್ನಡದಲ್ಲೇ ಹಾಕ್ತೇನೆ.

"ಬಲ್ಬ್ ಯಾಕೆ ಆರಿದೆ?" ಕಾಕಿಯ ಸ್ವರ ಬಾಗಿಲ ಹತ್ರವೇ. "ಮತ್ತೆ ಇದೆಂತ ಹುಳಿ ವಾಸನೆ? ಹಸ್ಮುಖ್, ಮೂಸಿ ನೋಡಿ."

ಕಾಕಾ ಮೂಸುವ ಸದ್ದು ಕೇಳಿತು. "ಶಾರದಾ... ಇದು ದಾರೂ."

"ದೇವರ ಕೋಣೆಯಲ್ಲಿ ದಾರೂ!"

ಗುಜರಾತಲ್ಲಿ ಮದ್ಯ ನಿಷೇಧ. ದಾರೂ ಅಂದ್ರೆ ಬರೇ ಮನೆ ಖಾಲಿ ಮಾಡಿಸುದಲ್ಲ, ಪೊಲೀಸ್ ಬರುದು. ಕಾಕಾ ಆಗ್ಲೇ ಸೊಸೈಟಿ ಸೆಕ್ರೆಟರಿಯ ನಂಬರ್ ಹುಡುಕ್ತಿದ್ರು. ದೇವರ ಕೋಣೆಯ ಬಾಗಿಲಿಗೆ ಚಿಲಕವೂ ಇಲ್ಲ, ನನ್ನ ಬೆನ್ನೇ ಚಿಲಕ. ತಳ್ಳಿದ್ರೆ ಬೆಳಕು ಒಳಗೆ, ಹಾಳೆ ಹೋಯ್ತು, ಗೋಡೆ ಹೋಯ್ತು.

"ಕಾಕಿ, ದಾರೂ ಅಲ್ಲ! ಫೋಟೋ ಮಾಡುದು! ತೋರಿಸ್ತೇನೆ! ಇಬ್ಬರೂ ಬೇಗ ಒಳಗೆ ಬನ್ನಿ, ಬಂದ ಕೂಡಲೇ ಬಾಗಿಲು ಹಾಕಿ!" ಹಾಳೆಯನ್ನು ಬಾಕ್ಸಿನ ಕಪ್ಪು ಕವರಿಗೆ ತುರುಕಿ ಅದರ ಮೇಲೆ ಕೂತುಬಿಟ್ಟೆ.

ಅವರು ಒಳಗೆ ಬಂದ್ರು. ನಾಲ್ಕು ಅಡಿ ಅಗಲದ ಕೋಣೆಯಲ್ಲಿ ನಾನು, ಕಾಕಾ, ಕಾಕಿ, ಎನ್ಲಾರ್ಜರ್, ಮಾತಾಜಿ. ಕಾಕಾನ ಹೊಟ್ಟೆಗೇ ಒಬ್ಬರ ಜಾಗ ಬೇಕಿತ್ತು.

ಕಾಕಿ ಮೊದಲು ಬಲ್ಬ್ ಉರಿಯುದು ನೋಡಿದ್ರು, ಕೈ ಮುಗಿದ್ರು, ಸ್ವಲ್ಪ ತಣ್ಣಗಾದ್ರು. "ತೋರಿಸು."

ನಾನು ಹಾಳೆ ತೆಗೆದು ಡೆವಲಪರ್ ಟ್ರೇಯಲ್ಲಿ ಬಿಟ್ಟೆ. "ಈಗ ನೋಡಿ. ಕಪ್ಪು ಇರುವುದೆಲ್ಲ ಮೊದಲು ಬರುದು."

"ಹಾಂ, ನಮ್ಮ ಕಾಲದಲ್ಲಿ ನಾನೂ ನೋಡಿದ್ದೆ" ಅಂತ ಕಾಕಾ ದೊಡ್ಡ ಜಾಣರ ಹಾಗೆ ಬಗ್ಗಿದ್ರು.

ಮೊದಲು ತವಾ ಬಂತು. ಆಮೇಲೆ ಒಂದು ಮೀಸೆ.

ಬರೇ ಮೀಸೆ. ಮುಖ ಇನ್ನೂ ಇಲ್ಲ, ತಲೆ ಇಲ್ಲ, ಬಿಳಿ ಹಾಳೆಯಲ್ಲಿ ಇದ್ದಿಲಿನ ಹಾಗಿನ ಒಂದು ಮೀಸೆ ತೇಲ್ತಾ ಇತ್ತು. ನಾನು ಮೀಸೆ ನೋಡಿದೆ, ಕಾಕಾನನ್ನು ನೋಡಿದೆ. ಕಾಕಾ ಮೀಸೆ ನೋಡಿದ್ರು, ನನ್ನನ್ನು ನೋಡಿದ್ರು.

"ಬೇಟಾ" ಅಂದ್ರು ಮೆಲ್ಲ. "ದೊಡ್ಡ ಲೈಟ್ ಸ್ವಿಚ್ ಎಲ್ಲಿ?"

ಅವರ ಕೈ ಗೋಡೆಯ ಮೇಲೆ ಸ್ವಿಚ್ ಹುಡುಕ್ಲಿಕ್ಕೆ ಶುರು ಮಾಡಿತು. ನಾನು ಆ ಕೈ ಗಟ್ಟಿ ಹಿಡ್ಕೊಂಡೆ. "ಕಾಕಾ, ಪ್ಲೀಸ್. ಇದು ಕೊನೇ ಹಾಳೆ."

"ನಂದೂ ಕೊನೇ ದಿನ ಬೇಟಾ!"

"ಎಂತ ಗುಸುಗುಸು?" ಕಾಕಿ ಕನ್ನಡಕ ಸರಿ ಮಾಡಿ ಬಗ್ಗಿದ್ರು. ಅಷ್ಟರಲ್ಲಿ ಬಾಯಿ ಬಂದಿತ್ತು, ಬಾಯಿಯ ಹತ್ರ ಪಾವ್ ಬಂದಿತ್ತು. ಕಾಕಿ ಬೆರಳು ಸೀದಾ ಟ್ರೇಯೊಳಗೆ ಇಳಿಸಿ ಆ ಮೀಸೆಯನ್ನು ಒತ್ತಿ ಹಿಡಿದ್ರು. "ಇದು ಯಾರದ್ದು?"

"ಇಂಥ ಮೀಸೆ ಊರಲ್ಲಿ ಸಾವಿರ ಉಂಟು ಶಾರದಾ."

"ಶರ್ಟ್? ನನ್ನ ತಮ್ಮನ ಮದುವೆಗೆ ನಾನೇ ಬಟ್ಟೆ ಆರಿಸಿ ಹೊಲಿಸಿದ ಶರ್ಟ್, ಅದೂ ಸಾವಿರ ಉಂಟಾ? ಶನಿವಾರ ಶನಿವಾರ ಸೂರತ್ತಿಗೆ ಹೋಗುದು ಮಂಡಿಗೆ ಎಣ್ಣೆ ಹಚ್ಚಿಸ್ಲಿಕ್ಕೆ ಅಂತ!"

ನಾನು ಅವರ ಬೆರಳು ಎತ್ತಿ ಬದಿಗಿಟ್ಟು, ಹಾಳೆಯನ್ನು ವಿನೆಗರಿಗೆ ಹಾಕಿ, ಅಲ್ಲಿಂದ ಹೈಪೋಗೆ ಹಾಕಿದೆ. ಮೀನಿನಂಗಡಿಯ ಹೈಪೋ, ಭಾರೀ ನಿಧಾನ. ಐದು ನಿಮಿಷ ಬೇಕು. ಅಷ್ಟರೊಳಗೆ ಬಾಗಿಲು ತೆರೆದ್ರೆ ಫೋಟೋ ಕಪ್ಪು. ಮೊಬೈಲ್ ತೆಗೆದು ಟೈಮ್ ನೋಡ್ಲಿಕ್ಕೂ ಇಲ್ಲ, ಅದರದ್ದೂ ಬೆಳಕು.

"ಸೌಮ್ಯಾ! ಟೈಮ್ ಹಿಡಿ, ಐದು ನಿಮಿಷ!" ಅಂತ ಕಿರುಚಿದೆ.

"ಹಿಡದೀನಿ!"

ಕಾಕಿ ಬೊಬ್ಬೆ ಹಾಕ್ತಾರೆ ಅಂತ ನಾನು ಕಾದೆ. ಅವರು ತುಂಬಾ ಮೆಲ್ಲ ಕೇಳಿದ್ರು, "ಆಮ್ಲೆಟ್ಟಾ, ಘೋಟಾಲಾನಾ?"

ಕಾಕಾ ತಲೆ ಬಗ್ಗಿಸಿ, "ಘೋಟಾಲಾ."

"ಆ ದೊಡ್ಡ ಚೌಕದ ಗಾಡಿಯಾ?"

"ಹೂಂ."

"ಈಗ್ಲೂ ಹಸಿಮೆಣಸು ಜಾಸ್ತಿ ಹಾಕ್ತಾನಾ?"

ಕಾಕಾ ಒಮ್ಮೆಲೇ ತಲೆ ಎತ್ತಿದ್ರು. ನಾನೂ ಎತ್ತಿದೆ. ಮಾತಾಜಿ ಒಬ್ಬಳೇ ಮೊದಲಿನ ಹಾಗೆ ಕೂತಿದ್ದಳು, ಅವಳಿಗೆ ಗೊತ್ತಿದ್ದ ವಿಷಯ ಇರ್ಬೇಕು.

"ನಾನು ಸೂರತ್ತಿನವಳು, ಮರೆತು ಹೋಯ್ತಾ? ನನ್ನಪ್ಪ ನನ್ನನ್ನು ಸೈಕಲ್ಲಲ್ಲಿ ಕೂರಿಸಿ ಆ ಗಾಡಿಗೆ ಕರ್ಕೊಂಡು ಹೋಗ್ತಿದ್ರು. ಮದುವೆಯಾಗಿ ಬಂದ ದಿನ ನಿಮ್ಮ ಅಮ್ಮ ಇದೇ ಕೋಣೆಯಲ್ಲಿ ನನ್ನ ಹತ್ರ ಆಣೆ ಹಾಕಿಸಿದ್ರು, ಇನ್ನು ಮೊಟ್ಟೆ ಮುಟ್ಟುದಿಲ್ಲ ಅಂತ. ನೀವು ಪಕ್ಕದಲ್ಲಿ ನಿಂತು ತಲೆ ಆಡಿಸಿದ್ರಿ. ಮೂವತ್ತೊಂದು ವರ್ಷ! ನಾನಿಲ್ಲಿ ಬೇರೆಯವರ ಮಕ್ಕಳ ಫ್ರಿಜ್ ತೆಗೆದು ಮೊಟ್ಟೆ ಉಂಟಾ ಅಂತ ನೋಡ್ತಾ ಕೂತೆ. ನೀವು ಅಲ್ಲಿ ಬಾಯಿ ಇಷ್ಟು ದೊಡ್ಡ ತೆರೆದು ಒಬ್ಬರೇ! ಒಬ್ಬರೇ!"

"ಎರಡ ನಿಮಿಷ ಆತು!" ಹೊರಗಿಂದ ಸೌಮ್ಯಾ.

"ನನಗೆ ಈ ಮುಖ ನೋಡ್ಲಿಕ್ಕೇ ಬೇಡ" ಅಂತ ಕಾಕಿ ಬಾಗಿಲಿಗೆ ಕೈ ಹಾಕಿದ್ರು.

ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. "ಕಾಕಿ! ಆಗ ಪಾವ್ ಜೊತೆಗಾ, ಬ್ರೆಡ್ ಜೊತೆಗಾ?"

"ಪಾವ್! ಬ್ರೆಡ್ ಯಾರು ತಿಂತಾರೆ?" ಅಂತ ತಿರುಗಿದ್ರು. ತಿರುಗಿದ ಮೇಲೆ ಎದುರು ಕಾಕಾ ಕಂಡ್ರು, ಪುನಃ ಶುರುವಾಯ್ತು. ನಾನು ಮನಸ್ಸಲ್ಲೇ ಮಾತಾಜಿಗೆ ಥ್ಯಾಂಕ್ಸ್ ಹೇಳಿದೆ.

ಆದ್ರೆ ಮೂರನೇ ನಿಮಿಷಕ್ಕೆ ಕಾಕಾ ಭಯಂಕರ ಕೆಲಸ ಮಾಡಿದ್ರು. "ತಪ್ಪಾಯ್ತು ಶಾರದಾ. ಪೂರಾ ನಂದೇ ತಪ್ಪು."

"ಕಾಕಾ!" ಅಂದೆ. "ಇಷ್ಟು ಬೇಗ ಒಪ್ಪಿಕೊಳ್ಬೇಡಿ! ಇನ್ನೂ ಎರಡು ನಿಮಿಷ ಉಂಟು!"

"ಎಂತ ಮಾಡ್ಲಿ ಮತ್ತೆ?"

"ಮಂಡಿ! ಮಂಡಿ ನೋವು ನಿಜ ಅಂತ ಹೇಳಿ!"

"ಮಂಡಿ ನೋವು ನಿಜ" ಅಂದ್ರು ಕಾಕಾ, ಸ್ಟೇಜಲ್ಲಿ ಡೈಲಾಗ್ ಮರೆತವರ ಹಾಗೆ.

ಆಹಾ, ಆಮೇಲೆ ಕಾಕಿಗೆ ಬಂದ ಸಿಟ್ಟು! ಕಾಕಾನ ಮಂಡಿ, ಕಾಕಾನ ಅಕ್ಕಂದಿರು, ಹನಿಮೂನಿಗೆ ಅಂತ ಹೇಳಿ ಊರ ಪಕ್ಕದ ಕೊಯಾಲಿ ಟೌನ್‌ಶಿಪ್ಪಿನ ಗಾರ್ಡನ್ನಿಗೆ ಕರ್ಕೊಂಡು ಹೋದದ್ದು, ಒಂದೂ ಬಿಡ್ಲಿಲ್ಲ. ನಾನು ಹಾಳೆಯನ್ನು ಹೈಪೋದಲ್ಲಿ ಮೆಲ್ಲ ಅಲ್ಲಾಡಿಸ್ತಾ ಇದ್ದೆ. ಮಗು ತೂಗಿದ ಹಾಗೆ.

"ಐದು! ಐದು ಆತು! ತಗೀರಿ ಬಾಗ್ಲಾ!"

ಬಾಗಿಲು ತೆರೆದೆ. ಬೆಳಕು ಬಂತು. ಹಾಳೆ ಕಪ್ಪಾಗ್ಲಿಲ್ಲ.

ನಾವು ನಾಲ್ಕು ಜನ ಬಾತ್‌ರೂಮಲ್ಲಿ ಬಕೆಟಿನ ಸುತ್ತ ನಿಂತು ಅದನ್ನು ತೊಳೆದೆವು. ಹೊಗೆ ಹೊಗೆಯ ಹಾಗೆ, ತವಾ ತವಾದ ಹಾಗೆ. ಹಿಂದೆ ಹಸ್ಮುಖ್‌ಕಾಕಾ, ಕಣ್ಣು ಮುಚ್ಚಿ, ಬಾಯಿ ತೆರೆದು. ಅವರು ಅಷ್ಟು ಸುಖದಲ್ಲಿ ಇದ್ದದ್ದು ನಾನು ಯಾವತ್ತೂ ನೋಡ್ಲಿಲ್ಲ.

"ಇದನ್ನು ಹರಿದು ಹಾಕು ಬೇಟಾ" ಅಂದ್ರು ಕಾಕಾ. "ನನ್ನ ಅಕ್ಕಂದಿರು ನೋಡಿದ್ರೆ..."

"ಹರೀಲಿಕ್ಕಿಲ್ಲ" ಅಂದ್ರು ಕಾಕಿ. "ಗೋಡೆಗೆ ಹಾಕು. ದೊಡ್ಡ ಗೋಡೆಗೆ." ಆಮೇಲೆ ನನ್ನ ಕಡೆ ತಿರುಗಿ, "ಈ ಮನೆಯೊಳಗೆ ಮೊಟ್ಟೆ ಬರ್ಬಾರ್ದು, ಅದು ಹಾಗೇ. ಜಾಲಿಗೆ ಬಟ್ಟೆ ಹಾಕುದಾದ್ರೆ ನನಗೆ ಮೊದಲೇ ಹೇಳ್ಬೇಕು. ಹೊಸ ಬಲ್ಬು ಇರಲಿ, ಚಂದ ಉಂಟು. ಬರುವ ಶನಿವಾರ ಸೂರತ್ತಿಗೆ ನಾನೂ ಹೋಗ್ತೇನೆ."

"ಆಣೆ?" ಅಂದ್ರು ಕಾಕಾ.

"ಮುಟ್ಟುದಿಲ್ಲ ಅಂತ ಆಣೆ ಹಾಕಿದ್ದು. ನೀವು ತಿನ್ನಿಸಿ."

ಸೋಮವಾರ ಪ್ರೇಮಾ ಮೇಡಂ ಹತ್ತು ಪ್ರಿಂಟನ್ನೂ ಟೇಬಲ್ ಮೇಲೆ ಹರಡಿ, ಹತ್ತನೆಯದ್ದರ ಮೇಲೆ ಭೂತಗನ್ನಡಿ ಇಟ್ಟು ತುಂಬ ಹೊತ್ತು ನೋಡಿದ್ರು. "ಈ ಮೀಸೆ ಮಾತ್ರ ಇಷ್ಟು ಕಪ್ಪು ಹೇಗೆ ಬಂತು? ಡೆವಲಪರ್ ಜೋರು ಹಿಡಿಯುವ ಹಾಗೆ ಅಷ್ಟೇ ಜಾಗಕ್ಕೆ ಬೇರೆ ಬಿಸಿ ಕೊಟ್ಟಿದ್ದೀಯಾ? ಈ ಟೆಕ್ನಿಕ್ ಈಗ ಯಾರಿಗೂ ಗೊತ್ತೇ ಇಲ್ಲ."

"ಓನರ್ ಆಂಟಿಯ ಬೆರಳು, ಮೇಡಂ."

ಮೇಡಂ ಭೂತಗನ್ನಡಿ ಪುನಃ ಮೀಸೆಯ ಮೇಲೆ ಇಟ್ರು. ಗೋಡೆ ನನಗೆ ಸಿಕ್ಕಿತು. ಮಂಥನ್‌ನಿಗೆ ಟಾಯ್ಲೆಟ್ ಹತ್ರದ ಕಂಬ ಸಿಕ್ಕಿತು, ಅವ ಅಲ್ಲಿ ಒಂದು ಸೂರ್ಯಾಸ್ತ ಹಾಕಿದ.

ಎಕ್ಸಿಬಿಷನ್ನಿಗೆ ಕಾಕಾ ಮೊದಲು ಬಂದ್ರು, ಬಾಗಿಲು ತೆರೆಯುವ ಮೊದಲೇ. ಬಂದವರು ಸೀದಾ ಹತ್ತನೇ ಫೋಟೋದ ಎದುರು ಬೆನ್ನು ಹಾಕಿ ನಿಂತ್ರು. ಇಡೀ ಸಂಜೆ ಆ ಜಾಗ ಬಿಡ್ಲಿಲ್ಲ. ಜನ ಬಂದು ಬಗ್ಗಿ ನೋಡಿದ್ರೆ ಅವರೂ ಬಗ್ಗುದು, ಆಚೆ ಸರಿದ್ರೆ ಅವರೂ ಸರಿಯುದು. ಒಂಬತ್ತು ಫೋಟೋ ಮತ್ತೆ ಒಬ್ಬ ಕಾಕಾ, ಹಾಗೆ ಕಾಣ್ತಿತ್ತು. ಇಬ್ಬರು ಹುಡುಗಿಯರು ಅವರನ್ನೇ ಫೋಟೋ ತೆಗೆದ್ರು. ಪ್ರೇಮಾ ಮೇಡಂ ನನ್ನ ಕಿವಿಯ ಹತ್ರ ಬಂದು, "ಇದು ಪರ್ಫಾರ್ಮೆನ್ಸಾ? ಒಳ್ಳೇದುಂಟು. ಆದ್ರೆ ಹೇಳ್ಬೇಕಿತ್ತು" ಅಂದ್ರು.

ಏಳು ಗಂಟೆಗೆ ಕಾಕಿ ಬಂದ್ರು. ರೇಷ್ಮೆ ಸೀರೆ, ಹಿಂದೆ ಕಾಕಾನ ಇಬ್ಬರು ಅಕ್ಕಂದಿರು.

"ಬದಿಗೆ ಸರೀರಿ" ಅಂದ್ರು ಕಾಕಿ.

ಕಾಕಾ ನನ್ನ ಕಡೆ ನೋಡಿದ್ರು. ನಾನು ಸೀಲಿಂಗ್ ಫ್ಯಾನ್ ನೋಡಿದೆ. ಎಕ್ಸಿಬಿಷನ್ ಹಾಲಲ್ಲಿ ಸೀಲಿಂಗ್ ಫ್ಯಾನ್ ಇಲ್ಲ.

ಕಾಕಾ ಸರಿದ್ರು.